ಬಾವಿಗೆ ತಳ್ಳಿ ಆಳ ನೋಡೋರು

ಕಳೆದ ತಿಂಗಳು ಗೆಳೆಯನೊಬ್ಬನ ಬಲವಂತಕ್ಕೆ ಕೋರಮಂಗಲದಲ್ಲಿ ನಡೆದ ಒಂದು ಸ್ಟಾರ್ಟಪ್ ಕಾರ್ಯಕ್ರಮಕ್ಕೆ ಹೋಗಿದ್ದೆ. ಶನಿವಾರ ಸಂಜೆ, ಎಸಿ ಹಾಲು, ಕೊರಳಿಗೊಂದು ಟ್ಯಾಗು, ಪುಕ್ಕಟೆ ಸಮೋಸ. ವೇದಿಕೆ ಮೇಲಿದ್ದವರು ಎರಡು ಕಂಪನಿ ಕಟ್ಟಿ ಒಂದನ್ನು ಮಾರಿದವರಂತೆ. ಮಾತಿನ ಮಧ್ಯೆ ಇದ್ದಕ್ಕಿದ್ದಂತೆ ನಿಲ್ಲಿಸಿ ಕೇಳಿದರು: "ಸೋಮವಾರ ಬೆಳಗ್ಗೆ ಕೆಲಸಕ್ಕೆ ರಾಜೀನಾಮೆ ಕೊಡೋಕೆ ಯಾರಿಗೆಲ್ಲ ಭಯ ಇದೆ? ಪ್ರಾಮಾಣಿಕವಾಗಿ ಕೈ ಎತ್ತಿ."

ನಾನು ಎತ್ತಿದೆ. ಸುತ್ತ ಒಂದು ನಲವತ್ತು ಐವತ್ತು ಕೈ ಎದ್ದಿರಬೇಕು. ಅವರು ನಕ್ಕು, "ಈ ದೇಶ ಯಾಕೆ ಹಿಂದುಳಿದಿದೆ ಅಂತ ಈಗ ಗೊತ್ತಾಯ್ತಲ್ಲ" ಅಂದರು. ಹಾಲೆಲ್ಲ ನಗು. ನಾನೂ ನಕ್ಕೆ. ಏನು ಮಾಡೋದು, ಅಲ್ಲಿ ಅಳೋಕಾಗುತ್ತಾ?

ಸಿಟ್ಟು ಬಂದಿದ್ದು ವಾಪಸ್ ಬರೋವಾಗ, ಸಿಲ್ಕ್ ಬೋರ್ಡ್ ಜಾಮಿನಲ್ಲಿ. ನಾನು ಯಾಕೆ ನಕ್ಕೆ? ನನ್ನ ಭಯ ಅಷ್ಟು ನಾಚಿಕೆಗೇಡಿನದಾ? ಈ ಮನುಷ್ಯ ಹೇಳ್ತಿರೋ ಧೈರ್ಯ ಅನ್ನೋದು ನಿಜವಾಗಿ ಏನು? ಅದನ್ನೇ ಇಲ್ಲಿ ಬರೀತಿದ್ದೀನಿ. ಅವತ್ತು ಎದ್ದು ನಿಂತು ಹೇಳಬೇಕಿತ್ತು, ಹೇಳಲಿಲ್ಲ.

ಮೊದಲು ನಮ್ಮಪ್ಪನ ವಿಷಯ ಹೇಳಿಬಿಡ್ತೀನಿ. ನಮ್ಮದು ತುಮಕೂರು ಜಿಲ್ಲೆ, ಚಿಕ್ಕನಾಯಕನಹಳ್ಳಿ ಕಡೆಯ ಒಂದು ಊರು. ಮೂರೂವರೆ ಎಕರೆ ತೆಂಗು, ಒಂದಿಷ್ಟು ರಾಗಿ ಹೊಲ. 2004ರಲ್ಲಿ ನಾನು ಪಿಯುಸಿ ಎರಡನೇ ವರ್ಷದಲ್ಲಿದ್ದಾಗ ತೋಟ ಒಣಗೋಕೆ ಶುರುವಾಯ್ತು. ಅಪ್ಪ ಬೋರ್ ಕೊರೆಸೋಕೆ ನಿರ್ಧರಿಸಿದರು. ನೀರು ನೋಡುವವರು ಒಬ್ಬರು ಬಂದು ಅಂಗೈ ಮೇಲೆ ತೆಂಗಿನಕಾಯಿ ಇಟ್ಕೊಂಡು ತೋಟವೆಲ್ಲ ಸುತ್ತಿದರು. ಒಂದು ಕಡೆ ಕಾಯಿ ನೆಟ್ಟಗೆ ಎದ್ದು ನಿಂತಿತು. ಅವರು ತಮ್ಮ ದಕ್ಷಿಣೆ ತಗೊಂಡು ಹೋದರು. ಮೂರನೇ ದಿನ ರಾತ್ರಿ ತಮಿಳುನಾಡಿನ ತಿರುಚೆಂಗೋಡಿನ ನಂಬರಿನ ಬೋರ್ ಲಾರಿ ಬಂತು. ಅಡಿಗೆ 55 ರೂಪಾಯಿ, ಕೇಸಿಂಗ್ ಪೈಪ್ ಬೇರೆ.

ಮೊದಲನೆಯದು 380 ಅಡಿ. ಬರೀ ಧೂಳು. ಎರಡನೆಯದು 420. ಅದೂ ಧೂಳು. ಊರವರು "ಇಷ್ಟಾದ ಮೇಲೆ ಬಿಡಬಾರದು ಕಣಯ್ಯಾ, ಗಂಡಸಾದವನು ಹಿಂದೆ ಸರೀಬಾರದು" ಅಂದರು. ಅಮ್ಮನ ಸರ ಸೊಸೈಟಿಯಲ್ಲಿತ್ತು, ಬಳೆಯೂ ಹೋಯ್ತು. ಉಳಿದಿದ್ದಕ್ಕೆ ನೂರಕ್ಕೆ ತಿಂಗಳಿಗೆ ಮೂರರಂತೆ ಕೈಸಾಲ. ಮೂರನೆಯದರಲ್ಲಿ 510 ಅಡಿಗೆ ಒಂದೂವರೆ ಇಂಚು ನೀರು ಬಂತು. ಅಮ್ಮ ಊದುಬತ್ತಿ ಹಚ್ಚಿದಳು. ಎರಡು ಬೇಸಿಗೆ ಕಳೆಯೋಷ್ಟರಲ್ಲಿ ಅದೂ ಬತ್ತಿತು.

ಈ ಕಥೆಯಲ್ಲಿ ಒಂದು ಸಣ್ಣ ವಿಷಯವಿದೆ. ಅದು ನನಗೆ ಅರ್ಥವಾಗಿದ್ದು ಬೆಂಗಳೂರಿಗೆ ಬಂದು ಹತ್ತು ವರ್ಷ ಆದ ಮೇಲೆ. ನೀರು ಬಂದರೂ ಬರದಿದ್ದರೂ ಲಾರಿಯವನಿಗೆ ಅಡಿ ಲೆಕ್ಕದಲ್ಲಿ ದುಡ್ಡು. ಕಾಯಿ ಹಿಡಿದವರಿಗೆ ಮುಂಗಡವೇ ದಕ್ಷಿಣೆ. ಧೈರ್ಯ ತುಂಬಿದ ಊರವರಿಗೆ ಖರ್ಚೂ ಇಲ್ಲ, ನಷ್ಟವೂ ಇಲ್ಲ. ಆ ಇಡೀ ಜಾಗದಲ್ಲಿ ಜೂಜಾಡಿದ್ದು ಒಬ್ಬನೇ, ನಮ್ಮಪ್ಪ. ಸಾಲ ತೀರೋಕೆ ಏಳು ವರ್ಷ ಹಿಡೀತು, ಅದೂ ನನ್ನ ಸಂಬಳದಿಂದ.

ಹಾಗಾಗಿ "ರಿಸ್ಕ್ ತಗೊಳ್ಳಿ" ಅಂತ ಯಾರಾದರೂ ಅಂದ ತಕ್ಷಣ ನನಗೆ ಬರೋದು ಒಂದೇ ಪ್ರಶ್ನೆ: ಸ್ವಾಮಿ, ನಿಮಗೆ ಅಡಿ ಲೆಕ್ಕಾನಾ, ನೀರಿನ ಲೆಕ್ಕಾನಾ?

ಈಗ ನಮ್ಮ ಟೆಕ್ ಲೋಕಕ್ಕೆ ಬನ್ನಿ. ವೆಂಚರ್ ಕ್ಯಾಪಿಟಲ್ ಅಂದರೆ ಎದೆಗಾರಿಕೆಯ ದುಡ್ಡು ಅಂತ ನಾವು ನಂಬಿದ್ದೀವಿ. ಅದರ ಲೆಕ್ಕ ನೋಡಿ. ಆ ನಿಧಿ ನಡೆಸೋರು ಸಾಮಾನ್ಯವಾಗಿ ವರ್ಷಕ್ಕೆ ನಿಧಿಯ ಶೇ. 2ರಷ್ಟನ್ನು ಫೀ ಅಂತ ತಗೋತಾರೆ. ಲಾಭ ಬಂದರೆ ಅದರಲ್ಲಿ ಶೇ. 20 ಬೇರೆ. ದುಡ್ಡಿನ ಬಹುಪಾಲು ಅವರದ್ದಲ್ಲ. ಪೆನ್ಷನ್ ಫಂಡುಗಳದ್ದು, ವಿಶ್ವವಿದ್ಯಾಲಯಗಳದ್ದು, ಸಿರಿವಂತ ಕುಟುಂಬಗಳದ್ದು. ಜೊತೆಗೆ ಅವರು ಒಂದೇ ಕಂಪನಿಗೆ ಹಾಕೋದಿಲ್ಲ, ಇಪ್ಪತ್ತು ಮೂವತ್ತಕ್ಕೆ ಹಾಕ್ತಾರೆ. ಅದರಲ್ಲಿ ಮುಕ್ಕಾಲು ಪಾಲು ಮುಳುಗಿದರೂ ಎರಡು ಮೂರು ಗೆದ್ದರೆ ಸಾಕು ಅನ್ನೋದೇ ಆ ಆಟದ ನಿಯಮ. ಇದನ್ನ ತಪ್ಪು ಅಂತ ನಾನು ಹೇಳ್ತಿಲ್ಲ, ಬುದ್ಧಿವಂತಿಕೆ ಅದು. ಆದರೆ ಇಪ್ಪತ್ತು ಬೋರ್ ಕೊರೆಸೋನು ಒಂದೇ ಬೋರ್ ಕೊರೆಸೋನಿಗೆ "ಯಾಕಪ್ಪ ಹೆದರ್ತೀಯ" ಅಂತ ಕೇಳಬಾರದು. ಕೆಲಸಕ್ಕೆ ಸೇರೋ ನಮ್ಮಂಥವರಿಗೆ ಇರೋದು ಒಂದೇ ಬೋರ್. ಒಂದು ಕೆಲಸ, ಒಂದು ಸಂಬಳ, ಒಂದು ವಯಸ್ಸು.

ಕಂಪನಿ ಹೆಸರಿನ ಕೊನೆಗೆ "ಪ್ರೈವೇಟ್ ಲಿಮಿಟೆಡ್" ಅಂತ ಇರುತ್ತಲ್ಲ, ಆ "ಲಿಮಿಟೆಡ್" ಅಂದರೆ ಏನು ಅಂತ ಯಾವತ್ತಾದರೂ ಯೋಚಿಸಿದ್ದೀರಾ? ಮಿತಿ ಇರೋದು ನಷ್ಟದ ಹೊಣೆಗೆ. ಕಂಪನಿ ಮುಳುಗಿದರೆ ಷೇರುದಾರ ಹಾಕಿದ ದುಡ್ಡು ಹೋಗುತ್ತೆ, ಅಷ್ಟೇ. ಅವನ ಮನೆ, ಅವನ ಹೆಂಡತಿಯ ಸರ ಯಾರೂ ಮುಟ್ಟೋಹಾಗಿಲ್ಲ. ಒಳ್ಳೆ ಕಾನೂನು ಅದು. ಅದಿಲ್ಲದಿದ್ದರೆ ದೊಡ್ಡ ಉದ್ಯಮಗಳು ಇಷ್ಟು ಸುಲಭಕ್ಕೆ ಹುಟ್ಟುತ್ತಿರಲಿಲ್ಲ. ಆದರೆ ನಮ್ಮಪ್ಪನ ತೋಟದ ಹೆಸರಿನ ಮುಂದೆ ಲಿಮಿಟೆಡ್ ಅಂತ ಇರಲಿಲ್ಲ. ಇಬ್ಬರೂ ಮಾಡಿದ್ದು ರಿಸ್ಕೇ. ಒಬ್ಬನದಕ್ಕೆ ತಳ ಇದೆ, ಇನ್ನೊಬ್ಬನದಕ್ಕೆ ತಳ ಇಲ್ಲ. ತಳ ಇದ್ದವನನ್ನ ಧೈರ್ಯಶಾಲಿ ಅಂತೀವಿ, ತಳ ಇಲ್ಲದವನನ್ನ "ಲೆಕ್ಕಾಚಾರ ಗೊತ್ತಿಲ್ಲದ ರೈತ" ಅಂತೀವಿ.

ಈ ತಳದ ವಿಷಯ ನಮ್ಮ ಮೆಚ್ಚಿನ ಕಥೆಗಳಲ್ಲೆಲ್ಲ ಇದೆ, ಹೇಳುವಾಗ ಮಾತ್ರ ಬಿಟ್ಟುಬಿಡ್ತೀವಿ. 1981ರಲ್ಲಿ ಪುಣೆಯಲ್ಲಿ ಏಳು ಜನ ಇಂಜಿನಿಯರುಗಳು ಇನ್ಫೋಸಿಸ್ ಶುರು ಮಾಡಿದಾಗ ನಾರಾಯಣ ಮೂರ್ತಿಯವರಿಗೆ ಹತ್ತು ಸಾವಿರ ರೂಪಾಯಿ ಕೊಟ್ಟಿದ್ದು ಸುಧಾ ಮೂರ್ತಿ. ಆ ಹತ್ತು ಸಾವಿರದ ಕಥೆ ಎಲ್ಲರಿಗೂ ಗೊತ್ತು. ಅದರ ಪಕ್ಕದಲ್ಲೇ ಇರೋ ಇನ್ನೊಂದು ಸಂಗತಿ, ಆ ಕಾಲದಲ್ಲಿ ಅವರು ಕೆಲಸ ಮಾಡ್ತಿದ್ದರು, ಮನೆಗೆ ಒಂದು ಸಂಬಳ ಬರ್ತಿತ್ತು. ಸುಧಾ ಮೂರ್ತಿಯವರೇ ಇದನ್ನ ಎಷ್ಟೋ ಸಲ ಹೇಳಿದ್ದಾರೆ. ನಾವೇ ಕಿವಿಗೆ ಹಾಕಿಕೊಂಡಿಲ್ಲ. ನನ್ನ ಪ್ರಕಾರ ಆ ಕಥೆಯ ಅರ್ಧ ಧೈರ್ಯ ಆ ಸಂಬಳದ್ದು.

ಬಿಲ್ ಗೇಟ್ಸ್ ಹಾರ್ವರ್ಡ್ ಬಿಟ್ಟ ಅಂತ ಕಾಲೇಜು ಹುಡುಗರು ಸ್ಟೇಟಸ್ ಹಾಕ್ತಾರೆ. ಅಪ್ಪ ಸಿಯಾಟಲ್‌ನ ಹೆಸರಾಂತ ವಕೀಲರು. ಹುಡುಗ 1975ರಲ್ಲಿ ಹೋಗಿದ್ದು ರಜೆ ಹಾಕಿ. ಮೈಕ್ರೋಸಾಫ್ಟ್ ನಡೆಯದಿದ್ದರೆ ವಾಪಸ್ ಹೋಗಿ ತರಗತಿಯಲ್ಲಿ ಕೂರಬಹುದಿತ್ತು. ಜೆಫ್ ಬೆಜೋಸ್ ನ್ಯೂಯಾರ್ಕಿನ ಭಾರಿ ಸಂಬಳ ಬಿಟ್ಟು ಅಮೆಜಾನ್ ಶುರು ಮಾಡಿದ ನಿಜ. 1995ರಲ್ಲಿ ಅಪ್ಪ ಅಮ್ಮ ಅದಕ್ಕೆ ಸುಮಾರು ಎರಡೂವರೆ ಲಕ್ಷ ಡಾಲರ್ ಹಾಕಿದರು. ಈ ದುಡ್ಡು ಹೋಗೋ ಸಾಧ್ಯತೆ ನೂರಕ್ಕೆ ಎಪ್ಪತ್ತು ಅಂತ ಆತ ಮೊದಲೇ ಹೇಳಿದ್ದನಂತೆ. ಎಪ್ಪತ್ತು ಪರ್ಸೆಂಟ್ ಹೋಗುತ್ತೆ ಅಂತ ಗೊತ್ತಿದ್ದೂ ಎರಡೂವರೆ ಲಕ್ಷ ಡಾಲರ್ ಕೊಡೋಕೆ ಆಗೋ ಅಪ್ಪ ಅಮ್ಮ ಇದ್ದರೆ ನಾನೂ ಸೋಮವಾರ ಬೆಳಗ್ಗೆ ರಾಜೀನಾಮೆ ಕೊಡ್ತೀನಿ ಸ್ವಾಮಿ.

ಇವರ ಬುದ್ಧಿ, ದುಡಿಮೆ ಯಾವುದೂ ಸುಳ್ಳಲ್ಲ. ತಳ ಇದ್ದವರೆಲ್ಲ ಅಮೆಜಾನ್ ಕಟ್ಟಲಿಲ್ಲ ಅನ್ನೋದೂ ನಿಜ. ನಾನು ಹೇಳ್ತಿರೋದು ಇಷ್ಟೇ: ಅವರ ಗೆಲುವಿನಿಂದ ಬುದ್ಧಿ ಕಲೀರಿ, ದುಡಿಮೆ ಕಲೀರಿ. ಧೈರ್ಯ ಕಲಿಯೋಕೆ ಹೋಗಬೇಡಿ. ಅದು ಅವರ ಗುಣ ಅನ್ನೋದಕ್ಕಿಂತ ಹೆಚ್ಚಾಗಿ ಅವರ ಜಾತಕ.

ಇದಕ್ಕಿಂತ ದೊಡ್ಡ ಸಿಟ್ಟು ನನಗೆ ಬೇರೆ ಕಡೆ ಇದೆ. ನಮ್ಮ ಕಡೆ ಒಂದು ಗಾದೆ: ಕಂಡೋರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡೋದು. ಟೆಕ್ ಲೋಕದಲ್ಲಿ ಇದಕ್ಕೆ "ಬೋಲ್ಡ್ ಬೆಟ್" ಅಂತ ಹೆಸರು.

2021ರ ಅಕ್ಟೋಬರಿನಲ್ಲಿ ಫೇಸ್‌ಬುಕ್ ತನ್ನ ಕಂಪನಿಯ ಹೆಸರನ್ನೇ ಮೆಟಾ ಅಂತ ಬದಲಾಯಿಸಿತು. ಮುಂದಿನ ಕಾಲ ಕನ್ನಡಕದೊಳಗಿನ ಲೋಕದ್ದು ಅನ್ನೋದು ಮಾರ್ಕ್ ಜುಕರ್‌ಬರ್ಗ್ ಲೆಕ್ಕ. ಆ ವಿಭಾಗ 2022ರಲ್ಲಿ ಸುಮಾರು 1,370 ಕೋಟಿ ಡಾಲರ್ ನಷ್ಟ ತೋರಿಸಿತು, 2023ರಲ್ಲಿ ಸುಮಾರು 1,600 ಕೋಟಿ ಡಾಲರ್. ಇದರ ಜೊತೆಗೆ ಕೋವಿಡ್ ಕಾಲದಲ್ಲಿ ಏರಿದ ವ್ಯವಹಾರ ಹಾಗೇ ಏರ್ತಾ ಹೋಗುತ್ತೆ ಅಂತ ಸಿಕ್ಕಾಪಟ್ಟೆ ಜನರನ್ನ ಸೇರಿಸಿಕೊಂಡಿದ್ದರು. ಅದೂ ತಪ್ಪಾಯ್ತು. 2022ರ ನವೆಂಬರಿನಲ್ಲಿ 11,000 ಜನರನ್ನ ಮನೆಗೆ ಕಳಿಸಿದರು. ನಾಲ್ಕೇ ತಿಂಗಳಿಗೆ ಇನ್ನೂ 10,000 ಅಂತ ಘೋಷಿಸಿದರು. ಜುಕರ್‌ಬರ್ಗ್ ಪತ್ರ ಬರೆದು, ಈ ತಪ್ಪಿಗೆ ತಾನೇ ಹೊಣೆ ಅಂದರು. 2023ರ ಜನವರಿಯಲ್ಲಿ ಗೂಗಲ್ 12,000 ಜನರನ್ನ ತೆಗೆದಾಗ ಸುಂದರ್ ಪಿಚೈ ಕೂಡ ಪೂರ್ತಿ ಹೊಣೆ ತನ್ನದೇ ಅಂತ ಬರೆದರು.

ಹೊಣೆ ಅಂದರೆ ಏನು? ನಮ್ಮೂರಲ್ಲಿ ಸಾಲಕ್ಕೆ ಹೊಣೆ ಹಾಕಿದವನು ಸಾಲ ತೀರಿಸಬೇಕು. ಇಲ್ಲಿ ಹೊಣೆ ಹೊತ್ತವರ ಕುರ್ಚಿ ಹಾಗೇ ಇತ್ತು. ಜುಕರ್‌ಬರ್ಗ್ ಬಳಿ ಒಂದಕ್ಕೆ ಹತ್ತು ಓಟಿನ ಷೇರುಗಳಿವೆ, ಕಂಪನಿಯ ಅರ್ಧಕ್ಕಿಂತ ಹೆಚ್ಚು ಓಟು ಅವರ ಕೈಲೇ ಇದೆ. ಅವರನ್ನ ಯಾರೂ ತೆಗೆಯೋಹಾಗಿಲ್ಲ. ಪಿಚೈ ಅವರ 2022ರ ಒಟ್ಟು ಸಂಭಾವನೆ ಸುಮಾರು 22.6 ಕೋಟಿ ಡಾಲರ್, ಬಹುಪಾಲು ಷೇರಿನ ರೂಪದಲ್ಲಿ. ಪತ್ರದಲ್ಲಿ ಹೊಣೆ ಇವರದ್ದು. ಮರುದಿನ ಬೆಳಗ್ಗೆ ಲ್ಯಾಪ್‌ಟಾಪ್ ತೆಗೆದರೆ ಪಾಸ್‌ವರ್ಡ್ ಕೆಲಸ ಮಾಡದೇ ಇದ್ದಿದ್ದು ಇನ್ಯಾರದ್ದೋ.

ಆ ಇನ್ಯಾರೋ ಅನ್ನೋರಲ್ಲಿ ನಮ್ಮವರೂ ಇದ್ದರು. ಅಮೆರಿಕದಲ್ಲಿ ಎಚ್1ಬಿ ವೀಸಾದ ಮೇಲಿರೋರಿಗೆ ಕೆಲಸ ಹೋದರೆ ಸಿಗೋದು 60 ದಿನ. ಅಷ್ಟರಲ್ಲಿ ಇನ್ನೊಂದು ಕೆಲಸ ಹಿಡೀಬೇಕು, ಇಲ್ಲಾ ವೀಸಾ ಬದಲಾಯಿಸ್ಕೋಬೇಕು, ಇಲ್ಲಾ ಗಂಟುಮೂಟೆ ಕಟ್ಟಬೇಕು. ನನ್ನ ಬಿಇ ಸಹಪಾಠಿಯೊಬ್ಬ ಸನ್ನಿವೇಲ್‌ನಿಂದ ಆ ದಿನಗಳಲ್ಲಿ ರಾತ್ರಿ ಫೋನ್ ಮಾಡ್ತಿದ್ದ. ಅವನ ಮಗಳು ಅಲ್ಲೇ ಎರಡನೇ ಕ್ಲಾಸು. "ಮಗಾ, ಕ್ಯಾಲೆಂಡರ್ ನೋಡೋಕೇ ಭಯ ಆಗ್ತಿದೆ" ಅಂದಿದ್ದ. ಅವನು ಮೆಟಾವರ್ಸ್ ಮೇಲೂ ಜೂಜು ಕಟ್ಟಿರಲಿಲ್ಲ, ಕೋವಿಡ್ ಮೇಲೂ ಕಟ್ಟಿರಲಿಲ್ಲ. ಹೇಳಿದ ಕೆಲಸ ಮಾಡಿಕೊಂಡಿದ್ದ.

ಇನ್ನೊಂದು ನೋಡಿ. ವಿವರ್ಕ್ ಅನ್ನೋ ಆಫೀಸು ಬಾಡಿಗೆಗೆ ಕೊಡೋ ಕಂಪನಿಯ ಬೆಲೆ 2019ರ ಆರಂಭದಲ್ಲಿ 4,700 ಕೋಟಿ ಡಾಲರ್ ಅಂತಿದ್ದರು. ಅದೇ ವರ್ಷ ಷೇರು ಮಾರುಕಟ್ಟೆಗೆ ಹೋಗೋಕೆ ಕಾಗದ ಪತ್ರ ಬಿಚ್ಚಿದಾಗ ಒಳಗಿನ ಹುಳುಕು ಕಂಡು ಎಲ್ಲ ಕುಸೀತು. ಸಾವಿರಾರು ಜನ ಕೆಲಸ ಕಳೆದುಕೊಂಡರು. 2023ರ ನವೆಂಬರಿನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಅದನ್ನ ಕಟ್ಟಿ ಕೆಡವಿದ ಆಡಮ್ ನ್ಯೂಮನ್ ಏನಾದರು? ಕೋಟ್ಯಂತರ ಡಾಲರಿನ ಒಪ್ಪಂದದೊಂದಿಗೆ ಹೊರಗೆ ಹೋದರು. 2022ರಲ್ಲಿ ಅವರ ಹೊಸ ಕಂಪನಿಗೆ ಸಿಲಿಕಾನ್ ವ್ಯಾಲಿಯ ಹೆಸರಾಂತ ಹೂಡಿಕೆದಾರರು ಸುಮಾರು 35 ಕೋಟಿ ಡಾಲರ್ ಹಾಕಿದರು. ಸೋತವನಿಗೆ ಅನುಭವ ಇದೆ ಅಂತೆ!

ಸೋಲಿಗೂ ಎರಡು ಬೆಲೆ ಇದೆ ಅನ್ನೋದನ್ನ ನಾನೇ ಕಂಡಿದ್ದೀನಿ. 2016ರಲ್ಲಿ ಇದೇ "ಹೆದರಬೇಡ" ಮಾತಿಗೆ ಮನಸೋತು ಒಂದು ಸ್ಟಾರ್ಟಪ್ ಸೇರಿದ್ದೆ. ಎಚ್‌ಎಸ್‌ಆರ್ ಲೇಔಟಿನ ಒಂದು ಮನೆಯ ಮೊದಲ ಮಹಡಿ, 26 ಜನ. ಸಂಬಳ ಮೂರನೇ ಒಂದು ಭಾಗ ಕಡಿಮೆ, ಬದಲಿಗೆ ಇಸಾಪ್ ಅನ್ನೋ ಷೇರಿನ ಭರವಸೆ. 2018ರ ಆಗಸ್ಟ್‌ನಲ್ಲಿ ಒಂದು ಬುಧವಾರ ಮಧ್ಯಾಹ್ನ ಎಲ್ಲರನ್ನೂ ಕೂರಿಸಿ ದುಡ್ಡು ಮುಗೀತು ಅಂದರು. ಎರಡು ತಿಂಗಳ ಸಂಬಳ ಬರಲಿಲ್ಲ, ಇವತ್ತಿಗೂ ಬಂದಿಲ್ಲ. ಅದು ಹೇಗೋ ತಡ್ಕೋಬಹುದಿತ್ತು. ನಮ್ಮ ಟೆಸ್ಟಿಂಗ್ ಟೀಮಿನಲ್ಲಿದ್ದ ಹುಡುಗಿ ಆಗ ಏಳು ತಿಂಗಳ ಬಸುರಿ. ಹೆರಿಗೆ ಖರ್ಚು ಕಂಪನಿಯ ಗ್ರೂಪ್ ಇನ್ಶೂರೆನ್ಸ್‌ನಲ್ಲಿತ್ತು. ಕೆಲಸ ಮುಗಿದ ದಿನ ಅದೂ ಮುಗೀತು. ಏಳನೇ ತಿಂಗಳಲ್ಲಿ ಹೊಸ ಪಾಲಿಸಿ ಯಾರು ಕೊಡ್ತಾರೆ, ಯಾವ ಕಂಪನಿ ಕೆಲಸ ಕೊಡುತ್ತೆ? ಅವಳು ಮೀಟಿಂಗ್ ಮುಗಿದ ಮೇಲೂ ಅದೇ ಕುರ್ಚಿಯಲ್ಲಿ ಕೂತೇ ಇದ್ದಳು. ನಾನು ಹತ್ತಿರ ಹೋಗಿ ಏನೂ ಹೇಳೋಕಾಗದೆ ನೀರಿನ ಬಾಟಲಿ ಇಟ್ಟು ಬಂದೆ.

ಸ್ಥಾಪಕ ಕೆಟ್ಟವನಲ್ಲ. ಅವನೂ ಅವತ್ತು ಅತ್ತಿದ್ದ. ಆದರೆ ಒಂದೂವರೆ ವರ್ಷಕ್ಕೆ ಅದೇ ಹೂಡಿಕೆದಾರರ ದುಡ್ಡಲ್ಲಿ ಇನ್ನೊಂದು ಕಂಪನಿ ಶುರು ಮಾಡಿದ. ಅವನ ಪರಿಚಯದಲ್ಲಿ ಹಳೇ ಕಂಪನಿಯ ಸೋಲು "ಪಾಠ" ಅಂತ ಬರುತ್ತೆ. ಅದೇ ಸೋಲು ನನ್ನ ರೆಸ್ಯೂಮೆಯಲ್ಲಿ ಐದು ತಿಂಗಳ "ಗ್ಯಾಪ್". ಇಂಟರ್‌ವ್ಯೂ ಮಾಡಿದವರೆಲ್ಲ ಕೇಳಿದ್ದು ಒಂದೇ, "ಈ ಗ್ಯಾಪ್ ಯಾಕೆ?" ಅಪ್ಪನಿಗೆ ಆ ಐದು ತಿಂಗಳಲ್ಲಿ ಏನಾದರೂ ಆಗಿದ್ದರೆ ಆಸ್ಪತ್ರೆಗೆ ಕಟ್ಟೋಕೆ ನನ್ನ ಹತ್ತಿರ ಏನೂ ಇರಲಿಲ್ಲ. ರಾತ್ರಿ ಹತ್ತರ ಮೇಲೆ ಊರಿಂದ ಫೋನ್ ಬಂದರೆ ಎದೆ ನಡುಗ್ತಿತ್ತು. ಅವತ್ತು ಹಾಲಿನಲ್ಲಿ ನಾನು ಎತ್ತಿದ ಕೈಗೆ ಈ ಐದು ತಿಂಗಳ ಲೆಕ್ಕ ಗೊತ್ತಿತ್ತು.

ಇಸಾಪ್ ಬಗ್ಗೆಯೂ ಎರಡು ಮಾತು ಹೇಳಬೇಕು. ನಿಮ್ಮಲ್ಲಿ ಎಷ್ಟೋ ಜನ ಅದನ್ನ ಸಂಬಳ ಅಂತಲೇ ಎಣಿಸಿಕೊಂಡಿದ್ದೀರಿ. ಹೂಡಿಕೆದಾರರ ಒಪ್ಪಂದದಲ್ಲಿ ಸಾಮಾನ್ಯವಾಗಿ ಒಂದು ಷರತ್ತು ಇರುತ್ತೆ: ಕಂಪನಿ ಮಾರಿದರೆ ಮೊದಲು ಅವರು ಹಾಕಿದ ದುಡ್ಡು ವಾಪಸ್, ಉಳಿದಿದ್ದರೆ ಬೇರೆಯವರಿಗೆ. ಕಂಪನಿ 40 ಕೋಟಿ ಎತ್ತಿದೆ, 30 ಕೋಟಿಗೆ ಮಾರಾಟ ಆಯ್ತು ಅಂತಿಟ್ಕೊಳ್ಳಿ. ಮೂವತ್ತೂ ಅವರಿಗೆ. ನಿಮ್ಮ ಸಾವಿರಾರು ಷೇರಿಗೆ ಸೊನ್ನೆ. ಪೇಪರಿನಲ್ಲಿ ಮಾತ್ರ "30 ಕೋಟಿಗೆ ಮಾರಾಟವಾದ ಯಶಸ್ವಿ ಸ್ಟಾರ್ಟಪ್" ಅಂತ ಬರುತ್ತೆ. ಅದೂ ಸಾಲದು ಅಂತ, ಷೇರನ್ನ ನೀವು ಪಡೆದುಕೊಂಡ ವರ್ಷವೇ ಅದರ ಅಂದಿನ ಬೆಲೆಗೂ ನೀವು ಕೊಟ್ಟ ಬೆಲೆಗೂ ಇರೋ ವ್ಯತ್ಯಾಸ ಸಂಬಳ ಅಂತ ಲೆಕ್ಕ. ಕೆಲವು ನೋಂದಾಯಿತ ಸ್ಟಾರ್ಟಪ್‌ಗಳ ನೌಕರರಿಗೆ ಆ ತೆರಿಗೆ ಮುಂದೂಡೋ ಅವಕಾಶ ಇದೆ. ಉಳಿದವರು ಕೈಗೆ ಒಂದು ರೂಪಾಯಿ ಬರೋ ಮುಂಚೆಯೇ ತೆರಿಗೆ ಕಟ್ಟಬೇಕು.

ಕಂಪನಿ ದಿವಾಳಿಯಾಗಿ ಆಸ್ತಿ ಹಂಚೋ ಹಂತಕ್ಕೆ ಹೋದರೆ? 2016ರ ದಿವಾಳಿ ಕಾನೂನಿನಲ್ಲಿ ಒಂದು ಸರತಿ ಸಾಲಿದೆ. ಮೊದಲು ಪ್ರಕ್ರಿಯೆಯ ಖರ್ಚು. ಆಮೇಲೆ ಕಾರ್ಮಿಕರ 24 ತಿಂಗಳ ಬಾಕಿ ಮತ್ತು ಅಡಮಾನದ ಮೇಲೆ ಸಾಲ ಕೊಟ್ಟ ಬ್ಯಾಂಕುಗಳು. ಅದಾದ ಮೇಲೆ ಉಳಿದ ನೌಕರರ 12 ತಿಂಗಳ ಬಾಕಿ. ಕಾರ್ಮಿಕ ಅಲ್ಲ ಅಂತ ಲೆಕ್ಕಕ್ಕೆ ಬರೋ ನೌಕರ ಬ್ಯಾಂಕಿನ ಹಿಂದೆ ನಿಲ್ಲಬೇಕು. ನಾಲ್ಕು ಲ್ಯಾಪ್‌ಟಾಪು, ಒಂದು ಕಾಫಿ ಮೆಷಿನ್ ಬಿಟ್ಟರೆ ಆಸ್ತಿಯೇ ಇಲ್ಲದ ಕಂಪನಿಯಲ್ಲಿ ಆ ಸಾಲಿನಲ್ಲಿ ನಿಂತು ಏನು ಪ್ರಯೋಜನ?

"ಏನ್ರೀ ನೀವು, ಉದ್ಯಮಿಗಳೆಲ್ಲ ಕಳ್ಳರು ಅಂತೀರಾ? ಅವರೂ ಕಳ್ಕೊಳ್ಳಲ್ವಾ?" ಅಂತ ಕೇಳಬಹುದು. ಕಳ್ಕೋತಾರೆ, ಎಲ್ಲವನ್ನೂ ಕಳ್ಕೊಂಡವರಿದ್ದಾರೆ. ಚಿಕ್ಕಮಗಳೂರಿನ ವಿ.ಜಿ. ಸಿದ್ಧಾರ್ಥ 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕಾಫಿ ಡೇ ತೆರೆದಾಗ ಕಾಫಿ ಜೊತೆ ಇಂಟರ್ನೆಟ್ ಕೊಡ್ತಿದ್ದರು. ಮೈಂಡ್‌ಟ್ರೀಗೆ ಮೊದಲ ದಿನಗಳಲ್ಲೇ ದುಡ್ಡು ಹಾಕಿದವರು. 2019ರಲ್ಲಿ ಆ ಷೇರನ್ನೆಲ್ಲ 3,200 ಕೋಟಿಗೂ ಮೇಲ್ಪಟ್ಟ ಬೆಲೆಗೆ ಮಾರಿದರೂ ಸಾಲದ ಹೊರೆ ಇಳೀಲಿಲ್ಲ. ಅದೇ ಜುಲೈ ಕೊನೆಯಲ್ಲಿ ನೇತ್ರಾವತಿ ತೀರದಿಂದ ಬಂದ ಸುದ್ದಿ ನಮಗೆಲ್ಲ ನೆನಪಿದೆ. ಅವರ ಹೆಸರಿನಲ್ಲಿ ಹೊರಬಂದ ಪತ್ರದಲ್ಲಿ ಸಾಲ ಕೊಟ್ಟವರ, ಹೂಡಿಕೆದಾರರ ಒತ್ತಡದ ಮಾತಿತ್ತು. ಆ ವಾರ ಅಪ್ಪ ಟಿವಿ ಮುಂದೆ ಕೂತು, "ಸಾಲ ಮಾಡಿ ಕೊರೆಸಿದೋನು ಕಣೋ ಪಾಪ" ಅಂದಿದ್ದರು.

ಅಪ್ಪ ಹೇಳಿದ್ದರಲ್ಲೇ ವ್ಯತ್ಯಾಸ ಇದೆ. ಸಾಲದ ದುಡ್ಡಲ್ಲಿ ಆಡೋನು, ಅವನು ಮೂರೂವರೆ ಎಕರೆಯವನಾಗಲಿ ಸಾವಿರಾರು ಎಕರೆಯವನಾಗಲಿ, ತನ್ನ ಹೆಸರು, ತನ್ನ ಮನೆ ಎಲ್ಲವನ್ನೂ ಪಣಕ್ಕಿಡ್ತಾನೆ. ಹೂಡಿಕೆ ದುಡ್ಡಲ್ಲಿ ಆಡೋನು ಸೋತರೆ ಆ ದುಡ್ಡನ್ನ ತನ್ನ ಜೇಬಿನಿಂದ ವಾಪಸ್ ಕೊಡಬೇಕಿಲ್ಲ. ಇವೆರಡಕ್ಕೂ ನಾವು ಇಟ್ಟಿರೋ ಹೆಸರು ಒಂದೇ, ರಿಸ್ಕ್. ಮೊದಲನೆಯವನ ಕಷ್ಟ ತೋರಿಸಿ ಎರಡನೆಯವನಿಗೆ ಹೊಗಳಿಕೆ ಗಿಟ್ಟಿಸೋದನ್ನ ನಿಲ್ಲಿಸಬೇಕು.

ಇನ್ನೊಂದು ವಾದವೂ ಇದೆ: ಹೆದರಿದ ಕಂಪನಿ ಸಾಯುತ್ತೆ, ಕೊಡಾಕ್ ನೋಡಿ ಅಂತಾರೆ. ನೋಡೋಣ. 1975ರಲ್ಲಿ ಕೊಡಾಕ್‌ನ ಸ್ಟೀವನ್ ಸ್ಯಾಸನ್ ಅನ್ನೋ ಯುವ ಇಂಜಿನಿಯರ್ ಡಿಜಿಟಲ್ ಕ್ಯಾಮೆರಾ ಮಾಡಿ ತೋರಿಸಿದ್ದ. ಫಿಲ್ಮ್ ಮಾರಾಟದ ಲಾಭಕ್ಕೆ ಕುತ್ತು ಬರುತ್ತೆ ಅಂತ ಮೇಲಿನವರಿಗೆ ಅದು ಬೇಕಾಗಲಿಲ್ಲ. 2012ರ ಜನವರಿಯಲ್ಲಿ ಕೊಡಾಕ್ ದಿವಾಳಿ ಅರ್ಜಿ ಹಾಕಿತು. ಇಲ್ಲಿ ಹೆದರಿದ್ದು ಯಾರು? ಸಂಬಳಕ್ಕೆ ದುಡಿಯೋ ಇಂಜಿನಿಯರ್ ಹೆದರಲಿಲ್ಲ. ಅವನು ಮಾಡಿ ತಂದು ಟೇಬಲ್ ಮೇಲೆ ಇಟ್ಟ. ಹೆದರಿದ್ದು ಕಳ್ಕೊಳ್ಳೋಕೆ ಸಿಕ್ಕಾಪಟ್ಟೆ ಇದ್ದವರು. ಭಯದ ಬಗ್ಗೆ ಭಾಷಣ ಬೇಕಿದ್ದರೆ ಅಂಥವರ ಕೊಠಡಿಗೆ ಹೋಗಿ ಮಾಡಲಿ. ಇಎಂಐ ಕಟ್ಟೋರ ಹಾಲಿಗೆ ಬಂದು ಯಾಕೆ?

ಹಾಗಂತ ಯಾರೂ ಹೊಸದೇನೂ ಮಾಡಬಾರದು ಅಂತ ನಾನು ಹೇಳ್ತಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಕೂತಿದ್ದರೆ ನಮ್ಮಪ್ಪನ ಮಗ ಬಿಇ ಓದ್ತಿರಲಿಲ್ಲ. ಶಿಕ್ಷಣ ಸಾಲ ಅವರ ಇನ್ನೊಂದು ಜೂಜು, ಅದರಲ್ಲಿ ನೀರು ಬಂತು. ನನ್ನ ತಕರಾರು ಇಷ್ಟೇ: ಜನ ಧೈರ್ಯವಾಗಿರಬೇಕು ಅಂದರೆ ಅವರ ಕಾಲಡಿ ನೆಲ ಹಾಕಿ. ಭಾಷಣದಿಂದ ನೆಲ ಹುಟ್ಟಲ್ಲ. ಕೋಟಿಗಟ್ಟಲೆ ಎತ್ತೋ ಕಂಪನಿ, ಮುಚ್ಚೋ ಪ್ರಸಂಗ ಬಂದರೆ ಕೊಡೋಕೆ ಅಂತ ಎಲ್ಲರ ಮೂರು ತಿಂಗಳ ಸಂಬಳವನ್ನ ಮೊದಲ ದಿನವೇ ಬೇರೆ ಖಾತೆಯಲ್ಲಿ ಎತ್ತಿಡಲಿ. ಅಷ್ಟೇ ಕಾಲ ಇನ್ಶೂರೆನ್ಸ್ ನಡೀಲಿ. ಇದನ್ನ ಹೂಡಿಕೆ ಒಪ್ಪಂದದಲ್ಲೇ ಬರೀಲಿ. ತಮ್ಮ ದುಡ್ಡು ಮೊದಲು ವಾಪಸ್ ಬರಬೇಕು ಅಂತ ಪುಟಗಟ್ಟಲೆ ಬರೆಯೋಕೆ ಬರೋರಿಗೆ ಇದೊಂದು ಸಾಲು ಬರೆಯೋಕೆ ಬರಲ್ವಾ? ಬೋರ್ ಲಾರಿ ಕರೆಸೋ ಮುಂಚೆ ಕೇಸಿಂಗ್ ಪೈಪಿನ ದುಡ್ಡು ಎತ್ತಿಡು ಅಂತ ನಮ್ಮೂರಲ್ಲಿ ಹೇಳ್ತಾರೆ. ಇವರಿಗೆ ಯಾರೂ ಹೇಳಿಲ್ಲವೇನೋ.

ಮೊನ್ನೆ ಊರಿನ ಹುಡುಗನೊಬ್ಬ ಫೋನ್ ಮಾಡಿದ್ದ. ನಮ್ಮ ಹೈಸ್ಕೂಲಿನವನೇ, ಈಗ ಬೆಂಗಳೂರಿನ ದೊಡ್ಡ ಕಂಪನಿಯೊಂದರಲ್ಲಿ ಮೂರು ವರ್ಷದ ಅನುಭವ. ಒಂದು ಎಐ ಸ್ಟಾರ್ಟಪ್‌ನಿಂದ ಕರೆ ಬಂದಿದೆಯಂತೆ. "ಅಣ್ಣಾ, ಸೇರ್ಲಾ ಬೇಡ್ವಾ? ಅವರು ಕೇಳಿದ್ರು, ನಿಂಗೆ ಹಸಿವು ಇದ್ಯಾ ಅಂತ." ಹಸಿವಂತೆ! ಅವನ ಅಮ್ಮ ಕೂಲಿ ಮಾಡಿ ಓದಿಸಿದ್ದನ್ನ ನಾನು ಕಣ್ಣಾರೆ ಕಂಡಿದ್ದೀನಿ.

ಬೇಡ ಅಂತ ನಾನು ಹೇಳಲಿಲ್ಲ. ನಾಲ್ಕು ಪ್ರಶ್ನೆ ಬರೆದುಕೋ ಅಂದೆ. ಬ್ಯಾಂಕಿನಲ್ಲಿ ಎಷ್ಟು ತಿಂಗಳ ದುಡ್ಡಿದೆ? ಮಾರಾಟ ಆದರೆ ನನ್ನ ಷೇರಿಗಿಂತ ಮುಂದೆ ಎಷ್ಟು ಕೋಟಿ ನಿಂತಿದೆ? ಮುಚ್ಚಿದರೆ ನನಗೆ ಎಷ್ಟು ತಿಂಗಳ ಸಂಬಳ, ಅದು ಕಾಗದದ ಮೇಲೆ ಇದ್ಯಾ? ಇವು ಮೂರು ಅವರಿಗೆ. ನಾಲ್ಕನೆಯದು ನಿನಗೆ: ಆರು ತಿಂಗಳು ಸಂಬಳ ಇಲ್ಲದಿದ್ದರೆ ಊರಲ್ಲಿ ಏನೇನು ನಿಲ್ಲುತ್ತೆ? ಅದರ ಪಟ್ಟಿ ಮಾಡು. ಪಟ್ಟಿ ಚಿಕ್ಕದಿದ್ದರೆ, ಕೆಲಸ ಇಷ್ಟ ಆದರೆ, ಸೇರು. ದೊಡ್ಡದಿದ್ದರೆ ಎರಡು ವರ್ಷ ದುಡ್ಡು ಕೂಡಿಹಾಕು, ಆಮೇಲೆ ಸೇರು. ಸ್ಟಾರ್ಟಪ್ ಎಲ್ಲೂ ಓಡಿಹೋಗಲ್ಲ.

"ಇದನ್ನೆಲ್ಲ ಕೇಳಿದ್ರೆ ಹೆದರ್ತಾನೆ ಅನ್ಕೊಳ್ಳಲ್ವಾ ಅಣ್ಣ?" ಅಂದ.

"ಅನ್ಕೊಳ್ಳಲಿ. ಹೆದರ್ತೀನಿ ಅಂತಲೇ ಹೇಳು" ಅಂದೆ. "ಆಮೇಲೆ ಅವರನ್ನೂ ಕೇಳು, ನೀವು ಸೋತರೆ ನಿಮ್ಮ ಮನೆಯಲ್ಲಿ ಏನು ನಿಲ್ಲುತ್ತೆ ಅಂತ."

ಗುರುವಾರ ಅವನ ಇಂಟರ್‌ವ್ಯೂ. ಏನು ಉತ್ತರ ಬಂತು ಅಂತ ಕಾಯ್ತಿದ್ದೀನಿ.